ಹನ್ನೊಂದರ ವ್ಯಾನು

ಸೂಜಿ ಮೂರನೇ ಸಲ ಮುರಿಯಿತು. ಪುಟ್ಟಿ ಮುರಿದ ತುಂಡನ್ನು ಕಿತ್ತೆಸೆದು ಡಬ್ಬಿಯಿಂದ ಇನ್ನೊಂದು ತೆಗೆದಳು. ಅದು ಕೈಜಾರಿ ನೆಲಕ್ಕೆ ಬಿತ್ತು. ಮತ್ತೊಂದು ತೆಗೆದಳು, ಅದೂ ಬಿತ್ತು. ಹೊಲಿಗೆ ಮಿಷನ್ ನಿಂತಿದ್ದರೂ ಅವಳ ಕಾಲು ಮಾತ್ರ ಕೆಳಗೆ ಪೆಡಲಿನ ಮೇಲೆ ಕುಣಿಯುತ್ತಲೇ ಇತ್ತು.

"ಆಯ್ತೇನಮ್ಮಾ?" ಪರದೆಯ ಆಚೆಯಿಂದ ದೊಡ್ಡಪ್ಪನ ದನಿ ಬಂತು. "ಹನ್ನೊಂದಕ್ಕೆ ವ್ಯಾನ್ ಬರುತ್ತೆ. ಈಗಲೇ ಹತ್ತೂಕಾಲು."

"ಆಯ್ತು, ಆಯ್ತು, ಆಯ್ತು. ಕಾಲರ್ ಒಂದೇ ಬಾಕಿ. ಐದು ನಿಮಿಷ ದೊಡ್ಡಪ್ಪ. ಐದೇ ಐದು."

ಆ ಐದು ನಿಮಿಷ ಶುರುವಾಗಿ ಒಂದು ಗಂಟೆಯ ಮೇಲಾಗಿತ್ತು.

ಪರದೆಯ ಆಚೆ, ಅಂಗಡಿಯ ಮುಂಭಾಗದಲ್ಲಿ, ನಲವತ್ತು ವರ್ಷ ತಾವು ಬಟ್ಟೆ ಕತ್ತರಿಸಿದ ಮೇಜಿನ ಮೇಲೆಯೇ ಟೈಲರ್ ಮಾಸ್ಟರು ಮಲಗಿದ್ದರು. ಮನೆ ಇದ್ದದ್ದು ಮಹಡಿಯ ಮೇಲೆ. ಮೆಟ್ಟಿಲು ಕಿರಿದು, ಬಂದವರು ಹತ್ತಿ ಇಳಿಯುವುದು ಕಷ್ಟವೆಂದು ನಿನ್ನೆ ಅವರು ತೀರಿಕೊಂಡ ಸ್ವಲ್ಪ ಹೊತ್ತಿಗೇ ಕೆಳಗೆ ತಂದಿದ್ದರು. ಗದ್ದದವರೆಗೂ ಬಿಳಿ ಹೊದಿಕೆ. ಹೊದಿಕೆಯೊಳಗೆ ಅಂಗಿ ಇರಲಿಲ್ಲ, ಯಾಕೆಂದರೆ ಅದು ಇನ್ನೂ ಪುಟ್ಟಿಯ ಮಿಷನ್ನಿನಲ್ಲಿತ್ತು. ಬೀದಿಗೆಲ್ಲ ಹೊಲಿದುಕೊಟ್ಟ ಮನುಷ್ಯನ ಬೀರು ತಡಕಾಡಿದರೆ ಕಾಲರ್ ಹರಿಯದ ಒಂದೇ ಒಂದು ಅಂಗಿ ಸಿಕ್ಕಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಎಂದು ದೊಡ್ಡವರು ಸುಮ್ಮನೆ ಹೇಳಿದ್ದಲ್ಲ. "ಅಪ್ಪನ್ನ ಹರಕಲು ಅಂಗೀಲಿ ಕಳಿಸಲ್ಲ" ಎಂದು ನಿನ್ನೆ ಮಿಷನ್ನಿನ ಮುಂದೆ ಕೂತವಳು ನೀರು ಕುಡಿಯಲು ಬಿಟ್ಟರೆ ಬೇರೆ ಯಾವುದಕ್ಕೂ ಎದ್ದಿರಲಿಲ್ಲ. ನೀರು ಮಾತ್ರ ಚೊಂಬುಗಟ್ಟಲೆ ಕುಡಿದಿದ್ದಳು.

ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಎದುರಿನ ಬೀಗದಂಗಡಿಯವರೂ ಕೆಲಸದಿಂದ ನಿವೃತ್ತರಾದ ಪೋಸ್ಟ್‌ಮ್ಯಾನೂ ಕೂತಿದ್ದರು.

"ನನ್ನ ಮದುವೆ ಕೋಟು ಇವರದ್ದೇ ಕೈಕೆಲಸ," ಎಂದರು ಬೀಗದಂಗಡಿಯವರು.

"ಮದುವೆಗೆ ಮುಂಚೆ ಸಿಕ್ತಾ?"

"ಅವತ್ತು ಬೆಳಿಗ್ಗೆ ಸಿಕ್ತು. ಕೊನೇ ಗುಂಡಿ ದಾರೀಲಿ ನಡ್ಕೊಂಡೇ ಹಾಕಿಕೊಟ್ರು."

"ನನಗಂತೂ ಮೂವತ್ತು ವರ್ಷದಲ್ಲಿ ಹೇಳಿದ ದಿನ ಕೊಟ್ಟಿದ್ದೇ ಇಲ್ಲ. ಹೋದಾಗಲೆಲ್ಲ 'ನಾಳೆ ಬನ್ನಿ.' ನಾಳೆ ಬನ್ನಿ ಅನ್ನದೆ ಹೋಗಿದ್ದು ಇದೊಂದೇ ಸಲ ಮಾರಾಯ್ರೆ."

ಇಬ್ಬರಿಗೂ ನಗು ಬಂದುಬಿಟ್ಟಿತು. ಮೇಜಿನ ಕಡೆ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಪೋಸ್ಟ್‌ಮ್ಯಾನ್ ಕಣ್ಣು ಒರೆಸಿಕೊಂಡು, "ಆದರೆ ಕೊಟ್ಟ ಮೇಲೆ ಹತ್ತು ವರ್ಷ ಬರ್ತಿತ್ತು. ಒಳಗೆ ಅರ್ಧ ಇಂಚು ಬಿಡ್ತಿದ್ರಲ್ಲ. ಮೈ ಇದ್ದ ಹಾಗೇ ಇರಲ್ಲ, ಬಿಚ್ಕೊಳ್ಳೋಕೆ ಬೇಕಾಗುತ್ತೆ ಅನ್ನೋರು," ಎಂದರು.

ಮಾಸ್ಟರ ಹೆಂಡತಿ ಗಂಡನ ತಲೆಯ ಹತ್ತಿರ ಮಡಚುವ ಕುರ್ಚಿಯ ಮೇಲೆ ಕೂತಿದ್ದರು. ಇಪ್ಪತ್ತೆರಡು ದಿನ ಪಾರ್ಶ್ವವಾಯುವಿನ ಗಂಡನನ್ನು ನೋಡಿಕೊಂಡು ಅವರ ಕಣ್ಣೀರೆಲ್ಲ ಮುಂಚೆಯೇ ಮುಗಿದಿತ್ತು. ಒಳಗಿನಿಂದ ಮತ್ತೆ ಮಿಷನ್ನಿನ ಸದ್ದು ಕೇಳಿಸಿದಾಗ ದೊಡ್ಡಪ್ಪ ಅವರ ಹತ್ತಿರ ಬಗ್ಗಿ, "ಮಗಳು ಅಂದ್ರೆ ಹೀಗಿರಬೇಕಮ್ಮ. ಕೂತು ಅಳೋ ಬದಲು ಕೆಲಸ ಮಾಡ್ತಿದಾಳೆ. ಎಷ್ಟು ಧೈರ್ಯ ನೋಡು," ಎಂದರು.

ಅದು ಧೈರ್ಯವಲ್ಲ ಎಂದು ಹೇಳಬಲ್ಲ ಒಬ್ಬಳೇ ಒಬ್ಬಳು ಆಗ ತಾನೇ ಬಸ್ಸಿಳಿದು ಬೀದಿಯ ತುದಿಯಿಂದ ಓಡಿ ಬರುತ್ತಿದ್ದಳು. ಅವಳನ್ನು ಎಲ್ಲರೂ ಕಾಜದಕ್ಕ ಅನ್ನುತ್ತಿದ್ದರು. ಗುಂಡಿಗೆ ಮನೆ ಹೊಲಿಯುವ ಕಾಜದ ಕೆಲಸದಲ್ಲೇ ಅದೇ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಕಳೆದಿದ್ದವಳು. ಮಗಳ ಬಾಣಂತನಕ್ಕೆಂದು ತಿಂಗಳ ಹಿಂದೆ ಹೋಗಿದ್ದಳು. ಮಾಸ್ಟರು ಬಿದ್ದದ್ದೂ ಗೊತ್ತಿರಲಿಲ್ಲ, ಹೋದದ್ದೇ ಗೊತ್ತಾದದ್ದು.

ಬಂದವಳು ಮೇಜಿನ ಅಂಚು ಹಿಡಿದು ಹೊಟ್ಟೆ ತುಂಬ ಅತ್ತಳು. "ಹೇಳಿಕಳಿಸಬಾರದಾಗಿತ್ತಾ ಅಮ್ಮಾರೆ?" ಎಂದು ಜಗಳಕ್ಕೂ ನಿಂತಳು. ಆಮೇಲೆ ಮೂಗು ಒರೆಸಿಕೊಂಡು, "ಪುಟ್ಟಿ ಎಲ್ಲಿ?" ಎಂದು ಪರದೆ ಸರಿಸಿ ಒಳಗೆ ಹೋದಳು.

ಪುಟ್ಟಿ ತಲೆ ಎತ್ತಿದಳು. ಮುಖ ಕೆಂಪಗೆ ಉಬ್ಬಿತ್ತು. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕಣ್ಣು ಎರಡೂ ರೆಪ್ಪೆ ಮುಚ್ಚಲು ಸಾಲದಷ್ಟು ಹೊರಗೆ ಬಂದಿದ್ದವು.

"ಬಂದ್ಯಾ ಕಾಜದಕ್ಕ? ಒಳ್ಳೇದಾಯ್ತು. ಕಾಜ ನೀನೇ ಹಾಕು. ಆರು. ಅಲ್ಲ ಏಳು. ಬೇಗ ಬೇಗ, ಅಪ್ಪ ಬೈತಾರೆ."

ಕಾಜದಕ್ಕನ ಕಣ್ಣು ಹೋದದ್ದು ಪುಟ್ಟಿಯ ಕುತ್ತಿಗೆಗೆ. ಕಾಲರಿನ ಗುಂಡಿಯನ್ನು ಕಿತ್ತು ಅರ್ಧ ಇಂಚು ಈಚೆಗೆ ಹಾಕಿತ್ತು. ಅದರ ಪಕ್ಕದಲ್ಲಿ ಹಳೇ ದಾರದ ತೂತು. ಅದರ ಪಕ್ಕ ಇನ್ನೊಂದು. ಎರಡು ಸಲ ಗುಂಡಿ ಜರುಗಿಸಿದ್ದಳು, ಮೂರನೆಯದು ಕೂಡ ಈಗ ಬಿಗಿಯಾಗಿತ್ತು. ಕಾಜದಕ್ಕ ಅವಳ ಮಣಿಕಟ್ಟು ಹಿಡಿದಳು. ಇಸ್ತ್ರಿಪೆಟ್ಟಿಗೆ ಮುಟ್ಟಿದ ಹಾಗಾಯಿತು. ನಾಡಿ ಎಣಿಸಲು ನೋಡಿದಳು, ಎಣಿಕೆಗೆ ಸಿಗಲಿಲ್ಲ.

"ಪುಟ್ಟೀ, ಮಾತ್ರೆ ತಗೊಂಡ್ಯಾ?"

"ಯಾವ ಮಾತ್ರೆ?" ಪುಟ್ಟಿ ಪರದೆಯ ಕಡೆ ನೋಡಿದಳು. "ಅಪ್ಪ ಇನ್ನೂ ಕೊಟ್ಟೇ ಇಲ್ವಲ್ಲ."

* * *

ನಾಲ್ಕು ವರ್ಷದ ಹಿಂದೆ ಪುಟ್ಟಿ ಇದ್ದಕ್ಕಿದ್ದಂತೆ ಇಳಿಯತೊಡಗಿದ್ದಳು. ಇಬ್ಬರ ಊಟ ಒಬ್ಬಳೇ ಮಾಡುತ್ತಿದ್ದಳು, ಆದರೂ ಬಟ್ಟೆ ಸಡಿಲ. ಮಾಸ್ಟರು ಮಗಳ ಅಂಗಿಯ ಸೊಂಟ ಒಂದೂವರೆ ಇಂಚು ಹಿಡಿದರು, ಕಾಲರ್ ಅರ್ಧ ಇಂಚು ಬಿಟ್ಟರು. ತಿಂಗಳು ಕಳೆದ ಮೇಲೆ ಮತ್ತೆ ಅಷ್ಟೇ ಹಿಡಿದು, ಅಷ್ಟೇ ಬಿಟ್ಟರು. ಬಟ್ಟೆ ಮೈಗೆ ಸರಿಹೋಗಬೇಕು, ಅದು ಅವರ ಕಸುಬು. ಮೈ ಯಾಕೆ ಹೀಗಾಯಿತು ಎಂದು ಕೇಳುವುದು ಅವರ ಕಸುಬಾಗಿರಲಿಲ್ಲ.

ಮೂರನೇ ಸಲ ಕಾಲರ್ ಬಿಚ್ಚುವಾಗ ಟೇಪು ಹಿಡಿದ ಕೈ ಹಾಗೇ ನಿಂತಿತು.

"ಕಾಜದಕ್ಕ, ಇಲ್ಲಿ ಬಾ. ಸೊಂಟ ಮೂವತ್ತಿದ್ದಿದ್ದು ಇಪ್ಪತ್ತಾರಾಗಿದೆ. ಕುತ್ತಿಗೆ ಹದಿಮೂರು ಇದ್ದಿದ್ದು ಹದಿನಾಲ್ಕೂವರೆ. ಸಣ್ಣಗಾದೋರ ಕುತ್ತಿಗೆ ದಪ್ಪ ಆಗೋದನ್ನ ನೀನು ಎಲ್ಲಾದ್ರೂ ನೋಡಿದೀಯಾ?"

"ಇಲ್ಲಪ್ಪ."

"ನಾನೂ ನೋಡಿಲ್ಲ. ಇಷ್ಟು ಕುತ್ತಿಗೆ ಅಳೆದೆ, ಒಂದೂ ಹೀಗಿರಲಿಲ್ಲ," ಎಂದವರು ಆವತ್ತು ಸೀಸನ್ನಿನ ನಡುಮಧ್ಯೆ ಅಂಗಡಿಯ ಬಾಗಿಲು ಹಾಕಿದರು.

ಆಸ್ಪತ್ರೆಯ ಡಾಕ್ಟರು ಅರ್ಥವಾಗುವ ಹಾಗೆ ಹೇಳಿದ್ದರು. ಕುತ್ತಿಗೆಯಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇರುತ್ತೆ, ಅದು ಮೈಯೊಳಗಿನ ಮಿಷನ್ನಿನ ಪೆಡಲು; ಇವಳದ್ದು ಕಾಲು ತೆಗೆದರೂ ತುಳೀತಾನೇ ಇದೆ. ದಿನಾ ಮಾತ್ರೆ ತಗೊಂಡರೆ ಹಿಡಿತದಲ್ಲಿರುತ್ತೆ. "ಒಂದು ಮಾತು ಮರೀಬೇಡಿ. ಮಾತ್ರೆ ತಟ್ಟಂತ ನಿಲ್ಲಿಸಬಾರದು. ನಿಲ್ಲಿಸಿದಾಗ ಜ್ವರವೋ ದೊಡ್ಡ ಆಘಾತವೋ ಆದ್ರೆ ಇದು ಬಿರುಗಾಳಿ ಆಗುತ್ತೆ. ಮೈ ಕಾದುಹೋಗುತ್ತೆ, ಎದೆ ಓಡುತ್ತೆ, ವಾಂತಿ ಆಗುತ್ತೆ, ಮಾತು ದಾರಿ ತಪ್ಪುತ್ತೆ. ಆಗ ನಾಳೆ ಬೆಳಿಗ್ಗೆ ಬರ್ತೀವಿ ಅಂದ್ರೆ ಆಗಲ್ಲ. ಗಂಟೆಗಳಲ್ಲಿ ಜೀವ ಹೋಗುತ್ತೆ."

ನಾಳೆ ಎಂಬ ಮಾತಿನಲ್ಲೇ ಬದುಕು ನಡೆಸಿದ ಮನುಷ್ಯನಿಗೆ ಆ ಮಾತು ಚುಚ್ಚಿತು. ವಾಪಸ್ ಬಂದವರು ಕಾಜದಕ್ಕನನ್ನು ಕೂರಿಸಿಕೊಂಡು, ಮೈ ಕಾಯುತ್ತೆ, ಎದೆ ಓಡುತ್ತೆ, ಮಾತು ತಪ್ಪುತ್ತೆ ಎಂದು ಬಾಯಿಪಾಠ ಮಾಡಿಸಿದರು. "ನಾನಿಲ್ಲದಾಗ ನಿನಗೆ ಗೊತ್ತಿರಲಿ. ನನ್ನ ಹೆಂಡತಿಗೆ ಹೇಳಿದ್ರೆ ಹೆದರಿ ಊಟ ಬಿಡ್ತಾಳೆ." ಆಮೇಲೆ ಹಣೆ ಚಚ್ಚಿಕೊಂಡರು. "ಎರಡು ಸಲ ಬಟ್ಟೆ ತಿದ್ದಿದೆ ಕಣೇ! ಮಗು ಯಾಕೆ ಹೀಗಾಯ್ತು ಅಂತ ಒಂದ್ಸಲ ಯೋಚಿಸಲಿಲ್ಲ. ದರ್ಜಿ ಬುದ್ಧಿ!"

ಅಂದಿನಿಂದ ಮಾತ್ರೆಯ ಜವಾಬ್ದಾರಿ ಅವರದ್ದೇ. ಬೆಳಿಗ್ಗೆ ಅಂಗಡಿಯಲ್ಲಿ ಟೀ ಬಂದ ತಕ್ಷಣ ಮಗಳ ಅಂಗೈಗೆ ಮಾತ್ರೆ ಇಡುವರು. ಗಿರಾಕಿಗಳ ಮುಂದೆ ಮಗಳ ಕಾಯಿಲೆಯ ಮಾತು ಬೇಡವೆಂದು, ನುಂಗಿದೆಯಾ ಎಂದು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ತಮ್ಮ ಕಾಲರಿನ ಗುಂಡಿಯನ್ನು ಎರಡು ಬೆರಳಿನಿಂದ ತಟ್ಟುವರು. ಪುಟ್ಟಿ "ಆಯ್ತಪ್ಪ ಆಯ್ತು" ಎಂದು ಸಿಡುಕುವಳು. ಆಪರೇಷನ್ನಿನ ಮಾತು ಬಂದಾಗಲೆಲ್ಲ ಅಪ್ಪ ಮಗಳು ಇಬ್ಬರೂ ಸೇರಿ, ಈ ಸೀಸನ್ ಒಂದು ಕಳೀಲಿ ಎಂದು ಮುಂದಕ್ಕೆ ತಳ್ಳಿದರು.

* * *

ಕಾಜದಕ್ಕ ಪರದೆ ಎಳೆದು ಹೊರಗೆ ಬಂದಳು. "ಅಮ್ಮಾರೆ, ಮಾತ್ರೆ ನಿಲ್ಲಿಸಿ ಎಷ್ಟು ದಿನ ಆಯ್ತು?"

"ಯಾರದ್ದು?"

"ಪುಟ್ಟೀದು! ಮೈ ಕೆಂಡ ಆಗಿದೆ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

ದೊಡ್ಡಪ್ಪ ನಡುವೆ ಬಂದರು. ಕೆಟ್ಟ ಮನುಷ್ಯರಲ್ಲ, ತಮ್ಮನ ಕೊನೆಯ ಕೆಲಸ ಸಸೂತ್ರವಾಗಿ ಮುಗಿಯಬೇಕೆಂದು ಬೆಳಗಿನಿಂದ ನಿಂತ ಕಾಲಲ್ಲಿ ನಿಂತಿದ್ದವರು. "ಸುಮ್ನಿರಮ್ಮ. ಎರಡು ದಿನದಿಂದ ಕಣ್ಣು ಮುಚ್ಚಿಲ್ಲ, ಅಪ್ಪ ಹೋಗಿದಾನೆ, ಮೈ ಬಿಸಿ ಆಗದೆ ಇನ್ನೇನಾಗುತ್ತೆ? ತಲೆನೋವಿನ ಆಸ್ಪಿರಿನ್ ಒಂದು ಕೊಟ್ಟಿದ್ದೆ ಆಗಲೇ."

"ನುಂಗಿದ್ಲಾ?"

"ನುಂಗಿದ್ಲು, ವಾಂತಿ ಮಾಡ್ಕೊಂಡ್ಲು. ಹನ್ನೊಂದಕ್ಕೆ ವ್ಯಾನು, ಹನ್ನೊಂದೂವರೆಗೆ ಸ್ಮಶಾನದಲ್ಲಿ ನಮ್ಮ ಸರದಿ. ಮುಗಿಸ್ಕೊಂಡು ಬಂದು ತೋರಿಸೋಣ. ಇರೋಳು ಒಬ್ಬಳೇ ಮಗಳು. ಕೊನೇ ಸಲ ಜೊತೇಲಿ ಹೋಗಲಿಲ್ಲ ಅಂದ್ರೆ ಬದುಕಿರೋವರೆಗೂ ಕೊರಗ್ತಾಳೆ."

"ಬದುಕಿದ್ರೆ ತಾನೇ ಕೊರಗೋದು!"

ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಸಾವಿನ ಮನೆಯಲ್ಲಿ ಹೀಗೆಲ್ಲ ಕೂಗಬಾರದೆಂದು ಬೀಗದಂಗಡಿಯವರು ಕೈಸನ್ನೆ ಮಾಡಿದರು. ಕಾಜದಕ್ಕ ಲಕ್ಷ್ಯ ಕೊಡದೆ ಮಾಸ್ಟರ ಹೆಂಡತಿಯ ಮುಂದೆ ಕುಕ್ಕರಿಸಿದಳು.

"ಮಾಸ್ಟ್ರು ಮಲಗಿದ ಮೇಲೆ ಅವಳಿಗೆ ಮಾತ್ರೆ ಯಾರು ಕೊಟ್ರು ಅಮ್ಮಾರೆ?"

"ಅವಳೇ ತಗೊಳ್ತಿದ್ಲೇನೋ..." ತಾಯಿ ಗಂಡನ ಕಡೆ ನೋಡಿದರು. "ನನಗೆ ಯಾರ ನೆನಪಿತ್ತು ಹೇಳು. ಇವರು ಉಸಿರಾಡಕ್ಕೇ ಕಷ್ಟಪಡ್ತಿದ್ರು. ಎರಡು ಬೆರಳಲ್ಲಿ ಗಂಟಲನ್ನ ಹೀಗೆ, ಹೀಗೆ ತಟ್ಕೊಳ್ತಿದ್ರು. ನೀರು ಬೇಕೇನೋ ಅಂತ ಕುಡಿಸ್ತಿದ್ದೆ."

ಕಾಜದಕ್ಕ ಆ ಬೆರಳನ್ನೇ ನೋಡಿದಳು.

* * *

ಮಾಸ್ಟರ ಬಲಗೈ, ಬಲಗಾಲು, ಮಾತು ಮೂರೂ ಒಂದೇ ದಿನ ಹೋಗಿದ್ದವು. ಉಳಿದದ್ದು ಎಡಗೈ. ಅದು ಮತ್ತೆ ಮತ್ತೆ ಗಂಟಲಿಗೆ ಹೋಗುತ್ತಿತ್ತು.

"ಉಸಿರು ಕಟ್ತಿದೆ, ಗುಂಡಿ ಬಿಚ್ಚಿ," ಎಂದಿದ್ದರು ದೊಡ್ಡಪ್ಪ. ಬಿಚ್ಚಿದರು. ಮರುದಿನವೂ ತಟ್ಟಿಕೊಂಡಾಗ ತಾಯಿ ಕತ್ತರಿ ತಂದು ಕಾಲರನ್ನೇ ಕತ್ತರಿಸಿ ತೆಗೆದರು. ಮೂರನೇ ದಿನ ಪುಟ್ಟಿ ಅಪ್ಪನಿಗೆಂದು ಕುತ್ತಿಗೆ ಅಗಲವಿರುವ, ಗುಂಡಿಯೇ ಇಲ್ಲದ ನಿಲುವಂಗಿ ಹೊಲಿದು ತಂದಳು. ಮಾಸ್ಟರು ಬರಿಯ ಗಂಟಲನ್ನೇ ತಟ್ಟಿಕೊಂಡರು, ಮಗಳ ಮುಖ ನೋಡುತ್ತ. "ಆಯ್ತಪ್ಪ ಆಯ್ತು," ಎಂದಳು ಪುಟ್ಟಿ. ಮಾತ್ರೆಯ ಹಾಳೆ ಖಾಲಿಯಾಗಿ ಎರಡು ದಿನವಾಗಿತ್ತು. ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ಅರ್ಧ ದಿನ ನಿಂತು ಬರೆಸಿಕೊಂಡು ತರಲು ಆಗ ಯಾರಿಗೆ ಪುರುಸೊತ್ತಿತ್ತು? ಅಪ್ಪ ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ನೋಡೋಣ ಎಂದುಕೊಂಡಳು.

ಮಾಸ್ಟರು ನಂಬಲಿಲ್ಲ. ಅವರ ಕಣ್ಣೇ ಟೇಪು. ಮಗಳ ಕುತ್ತಿಗೆ ಕಾಲು ಇಂಚು ಏರಿದ್ದೂ, ಗುಂಡಿ ಜರುಗಿದ್ದೂ ಮಲಗಿದ್ದಲ್ಲಿಂದಲೇ ಕಾಣುತ್ತಿತ್ತು. ದಿನವೂ ತಟ್ಟಿದರು. ತಾಯಿ ದಿನವೂ ಚಮಚೆಯಲ್ಲಿ ನೀರು ಕುಡಿಸಿದರು. ಮಾಸ್ಟರು ತಲೆ ಕೊಡವಿ ನೀರು ಉಗುಳಿ ಮತ್ತೆ ತಟ್ಟಿದರು. ತೀರಿಕೊಳ್ಳುವ ಗಂಟೆ ಮುಂಚೆ ಕೂಡ ಆ ಎರಡು ಬೆರಳು ಗಂಟಲಿನ ಮೇಲೇ ಇದ್ದವು. ನುಂಗಕ್ಕಾಗ್ತಿಲ್ಲ ಪಾಪ, ಎಂದು ಎಲ್ಲರೂ ಮರುಗಿದರು.

* * *

"ಅದು ನೀರಲ್ಲ ಅಮ್ಮಾರೆ!" ಕಾಜದಕ್ಕ ಅಳುತ್ತಲೇ ಕಿರುಚಿದಳು. "ಮಾತ್ರೆ! ಮಾತ್ರೆ ತಗೊಂಡ್ಯಾ ಅಂತ! ಅಂಗಡೀಲಿ ದಿನಾ ಹಾಗೇ ಕೇಳ್ತಿದ್ರು!"

ಅಷ್ಟರಲ್ಲಿ ಪರದೆ ಸರಿದು ಪುಟ್ಟಿಯೇ ಹೊರಗೆ ಬಂದಳು. ತೋಳಿನ ಮೇಲೆ ಕಾಲರ್ ಇಲ್ಲದ ಅಂಗಿ, ಕೊರಳಲ್ಲಿ ಟೇಪು. ಯಾರನ್ನೂ ನೋಡದೆ ನೇರ ಮೇಜಿನ ಹತ್ತಿರ ಹೋಗಿ ಹೊದಿಕೆ ಸರಿಸಿದಳು.

"ಏಳಿ ಅಪ್ಪಾ, ಟ್ರಯಲ್ ನೋಡ್ಬಿಡೋಣ. ಎಷ್ಟು ಹೊತ್ತು ಮಲಗ್ತೀರಿ? ಗಿರಾಕಿಗಳು ಕೂತಿದಾರೆ, ನಿಮಗೆ ನಾಚಿಕೆ ಆಗಲ್ವಾ?"

ತಂದೆಯ ಕೊರಳಿಗೆ ಟೇಪು ಸುತ್ತಲು ಹೋದಳು. ಕೈ ಎಷ್ಟು ನಡುಗುತ್ತಿತ್ತೆಂದರೆ ಟೇಪಿನ ತುದಿ ತುದಿಗೆ ಸೇರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಪಕ್ಕದ ಮನೆಯ ಹೆಂಗಸೊಬ್ಬಳು ಗೊಳೋ ಎಂದು ಅತ್ತಳು. ಪೋಸ್ಟ್‌ಮ್ಯಾನ್ ಮುಖ ಮುಚ್ಚಿಕೊಂಡರು. "ಅಳಲಿ, ಅಳಲಿ, ದುಃಖ ಹೊರಗೆ ಬರಲಿ," ಎಂದರು ದೊಡ್ಡಪ್ಪ, ತಾವೂ ಕಣ್ಣು ಒರೆಸಿಕೊಂಡು.

ಆದರೆ ಪುಟ್ಟಿ ಅಳುತ್ತಿರಲಿಲ್ಲ. ಅದನ್ನು ಮೊದಲು ಕಂಡದ್ದು ತಾಯಿ. ಎದ್ದು ಬಂದು ಮಗಳ ಹಣೆಯ ಮೇಲೆ ಕೈ ಇಟ್ಟರು. ನಿನ್ನೆಯಿಂದ ತಣ್ಣಗಿನ ಹಣೆಯನ್ನೇ ಮುಟ್ಟಿ ಮುಟ್ಟಿ ಅವರ ಕೈ ಮರಗಟ್ಟಿತ್ತು. ಈಗ ಸುಟ್ಟಂತಾಗಿ ಹಿಂದಕ್ಕೆ ಬಂತು.

"ಆಂಬುಲೆನ್ಸ್‌ಗೆ ಫೋನ್ ಮಾಡಿ!"

ಬೀಗದಂಗಡಿಯವರು ಮಾಡಿದರು. "ನಲವತ್ತು ನಿಮಿಷ ಅಂತೆ," ಎಂದರು. ಅಷ್ಟು ಹೇಳುವಷ್ಟರಲ್ಲಿ ಪುಟ್ಟಿಯ ಮೊಣಕಾಲು ಮಡಚಿತು. ಕಾಜದಕ್ಕ ಹಿಡಿದುಕೊಳ್ಳದಿದ್ದರೆ ಮೇಜಿನ ಮೂಲೆ ತಲೆಗೆ ಬಡಿಯುತ್ತಿತ್ತು.

ಅಂಗಡಿಯ ಮುಂದೆ ಗಾಡಿಯೊಂದು ನಿಂತ ಸದ್ದಾಯಿತು. ಹನ್ನೊಂದರ ವ್ಯಾನು ಹತ್ತೂ ಮುಕ್ಕಾಲಕ್ಕೇ ಬಂದಿತ್ತು. ಪಕ್ಕೆಗಳಿಗೆ ಹೂವು ಕಟ್ಟಿ, ಹಿಂದಿನ ಬಾಗಿಲು ತೆರೆದಿಟ್ಟು ಡ್ರೈವರು ಕೈಕಟ್ಟಿ ನಿಂತ.

ತಾಯಿ ಬಾಗಿಲಿಗೆ ಹೋಗಿ ನೋಡಿದರು. ತಿರುಗಿ, "ಇವಳನ್ನ ಹತ್ತಿಸಿ," ಎಂದರು.

"ಏನಂದೆ?" ದೊಡ್ಡಪ್ಪನಿಗೆ ಕಿವಿ ಕೇಳಿಸಲಿಲ್ಲವೇನೋ ಅನಿಸಿತು. "ಹೆಣದ ಗಾಡೀಲಿ ಜೀವ ಇರೋರನ್ನ? ನಮ್ಮ ಸರದಿ ತಪ್ಪಿಹೋಗುತ್ತಮ್ಮ!"

"ಭಾವ, ನಿಮ್ಮ ತಮ್ಮನಿಗೆ ಇನ್ನು ಅವಸರ ಇಲ್ಲ. ಅವರ ಹತ್ರ ನೀವು ಕೂತಿರಿ." ಮೂವತ್ತೇಳು ವರ್ಷದಲ್ಲಿ ಭಾವನಿಗೆ ಎದುರು ಮಾತಾಡಿದವರಲ್ಲ. "ಕಾಲು ಹಿಡಿ ಕಾಜದಕ್ಕ, ನಾನು ತಲೆ ಹಿಡೀತೀನಿ."

ಕಾಲು ಹಿಡಿದದ್ದು ಕಾಜದಕ್ಕನಲ್ಲ, ದೊಡ್ಡಪ್ಪ. ಬೈದುಕೊಂಡೇ ಹಿಡಿದರು.

ಡ್ರೈವರು ಕಂಗಾಲಾದ. "ಅಮ್ಮಾ, ಇದುವರೆಗೂ ನನ್ನ ಗಾಡೀಲಿ ಹಿಂದೆ ಮಲಗಿದೋರು ಒಬ್ರೂ ಮಾತಾಡಿದ್ದಿಲ್ಲ," ಎಂದ, ಪುಟ್ಟಿ "ಗುಂಡಿ, ಗುಂಡಿ" ಎಂದು ಗೊಣಗುವುದನ್ನು ಕೇಳಿ.

"ಮಾತಾಡ್ತಿರೋ ಹಾಗೇ ತಲುಪಿಸಪ್ಪ," ಎಂದಳು ಕಾಜದಕ್ಕ.

ಅವನು ಓಡಿಸಿದ. ಆದರೆ ರಸ್ತೆಗೆ ಅದು ಹೇಗೆ ಗೊತ್ತಾಗಬೇಕು? ಹೂವಿನ ಗಾಡಿ ಕಂಡ ಕೂಡಲೇ ಮುಂದಿನವರು ಮರ್ಯಾದೆಗೆ ನಿಧಾನ ಮಾಡಿದರು. ರಸ್ತೆ ದಾಟುತ್ತಿದ್ದ ಮುದುಕರೊಬ್ಬರು ನಡುರಸ್ತೆಯಲ್ಲೇ ನಿಂತು ಟೋಪಿ ತೆಗೆದು ತಲೆ ಬಗ್ಗಿಸಿದರು. ಡ್ರೈವರು ಹಾರ್ನ್ ಒತ್ತಿದ. ಎಷ್ಟೋ ವರ್ಷದಿಂದ ಬಳಸದೆ ಅದು ಕೆಮ್ಮಿ ಸುಮ್ಮನಾಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಜೀವ ಇದೆ! ಜಾಗ ಬಿಡ್ರೀ, ಒಳಗೆ ಜೀವ ಇದೆ!" ಎಂದು ಗಂಟಲು ಹರಿಯುವಂತೆ ಕೂಗಿದ. ಆಸ್ಪತ್ರೆಯ ಗೇಟಿನ ಕಾವಲುಗಾರ ವ್ಯಾನು ನೋಡಿ ಅಭ್ಯಾಸಬಲದಿಂದ ಹಿಂದಿನ ಶವಾಗಾರದ ದಾರಿ ತೋರಿಸಿದ. ಡ್ರೈವರು ಅವನಿಗೆ ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ತುರ್ತು ವಿಭಾಗದ ಡಾಕ್ಟರು ಮೂವತ್ತರ ಆಸುಪಾಸಿನ ಹೆಂಗಸು. ಕುತ್ತಿಗೆ ಮುಟ್ಟಿದರು, ಕಣ್ಣು ನೋಡಿದರು. ನರ್ಸು ಓದಿದಳು: ಜ್ವರ ನೂರಾ ನಾಲ್ಕೂವರೆ, ನಾಡಿ ನೂರಾ ಎಪ್ಪತ್ತೆರಡು, ತಾಳ ತಪ್ಪಿದೆ.

"ಥೈರಾಯ್ಡ್ ಇತ್ತಾ? ಮಾತ್ರೆ ನಿಲ್ಲಿಸಿದ್ರಾ?"

"ಅವರಪ್ಪ ಬಿದ್ದಾಗಿಂದ, ಮೂರು ವಾರ ಆಗಿದೆ," ಎಂದಳು ಕಾಜದಕ್ಕ. "ನಿನ್ನೆ ಅವರಪ್ಪ ತೀರಿಕೊಂಡ್ರು. ಆಸ್ಪಿರಿನ್ ಕೊಟ್ಟಿದ್ರು, ವಾಂತಿ ಆಯ್ತು."

"ವಾಂತಿ ಆಗಿದ್ದೇ ಒಳ್ಳೇದಾಯ್ತು. ಆಸ್ಪಿರಿನ್ ಇದನ್ನ ಇನ್ನೂ ಕೆಣಕುತ್ತೆ." ಡಾಕ್ಟರು ಆಗಲೇ ತೋಳು ಮಡಚಿದ್ದರು. "ರಕ್ತ ಕಳಿಸಿ, ಆದ್ರೆ ರಿಪೋರ್ಟಿಗೆ ಕಾಯೋದು ಬೇಡ. ಶುರು ಮಾಡಿ."

ಕಂಕುಳಿಗೆ, ತೊಡೆಸಂದಿಗೆ ಐಸಿನ ಚೀಲ ಬಂತು. ಮೂಗಿಗೆ ಆಮ್ಲಜನಕ, ಒಂದು ಕೈಗೆ ಡ್ರಿಪ್. ಎದೆಯ ಓಟ ತಗ್ಗಿಸಲು ಒಂದು ಇಂಜೆಕ್ಷನ್, ಸ್ಟೆರಾಯ್ಡಿನದು ಇನ್ನೊಂದು. ಥೈರಾಯ್ಡಿನ ಮಾತ್ರೆಗಳನ್ನು ಅರೆದು ಮೂಗಿನ ಕೊಳವೆಯಲ್ಲಿ ಹೊಟ್ಟೆಗೆ ಇಳಿಸಿದರು. ನರ್ಸು ಗೋಡೆ ಗಡಿಯಾರ ನೋಡಿ ಬರೆದುಕೊಂಡಳು: ಹನ್ನೊಂದು ಐವತ್ತೈದು.

"ಇದಾಗಿ ಪೂರ್ತಿ ಒಂದು ಗಂಟೆ ಆದ ಮೇಲೆ ಅಯೋಡಿನ್ ಹನಿ ಹಾಕ್ತೀವಿ," ಎಂದರು ಡಾಕ್ಟರು ತಾಯಿಗೆ. "ಈಗಲೇ ಹಾಕಿದ್ರೆ ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ. ಆ ಒಂದು ಗಂಟೆ ಅವಳು ತಡ್ಕೋಬೇಕು."

"ತಡ್ಕೊಳ್ತಾಳಾ?"

"ಇನ್ನೊಂದೆರಡು ಗಂಟೆ ಬಿಟ್ಟು ಬಂದಿದ್ರೆ ನಾನು ಈ ಪ್ರಶ್ನೆಗೆ ಉತ್ತರ ಹೇಳ್ತಿರಲಿಲ್ಲ."

ಪುಟ್ಟಿಯನ್ನು ಎರಡನೇ ಮಹಡಿಯ ತೀವ್ರ ನಿಗಾ ಘಟಕಕ್ಕೆ ಸಾಗಿಸಿದರು. ತಾಯಿಯೊಬ್ಬರಿಗೇ ಒಳಗೆ ಹೋಗಿ ಬರಲು ಬಿಟ್ಟರು. ವ್ಯಾನು ಕಾಜದಕ್ಕನನ್ನು ಕೂರಿಸಿಕೊಂಡು ಅಂಗಡಿಗೆ ಮರಳಿತು.

ಹನ್ನೆರಡೂಕಾಲಿಗೆ ದೊಡ್ಡಪ್ಪನ ಫೋನು ಬಂತು. "ಹೇಗಿದಾಳೆ?"

"ನಾಡಿ ನೂರಾ ಅರವತ್ತು ಅಂತಿದಾರೆ ಭಾವ. ಮೊದಲಿಗಿಂತ ಇಳಿದಿದೆ."

"ಆಸ್ಪಿರಿನ್ ನಾನೇ ಕೊಟ್ಟಿದ್ದು ಕಣಮ್ಮ," ಎಂದರು ದೊಡ್ಡಪ್ಪ. ಆಮೇಲೆ, "ಸ್ಮಶಾನದೋರ ಕಾಲು ಹಿಡಿದು ಒಂದೂಕಾಲರ ಸರದಿ ತಗೊಂಡಿದೀನಿ. ಅದು ತಪ್ಪಿದ್ರೆ ನಾಡಿದ್ದು. ಇವನನ್ನ ಅಲ್ಲೀವರೆಗೂ ಇಡೋ ಹಾಗಿಲ್ಲ. ನೀನು ಬರ್ತೀಯಾ?" ಎಂದರು.

ತಾಯಿ ಗಾಜಿನ ಬಾಗಿಲಿನಾಚೆ ಮಗಳನ್ನು ನೋಡಿದರು. ಕಟ್ಟಿಕೊಂಡ ಗಂಡ ಅಲ್ಲಿ, ಹೆತ್ತ ಮಗಳು ಇಲ್ಲಿ. ಇಪ್ಪತ್ತೆರಡು ದಿನ ಆ ಮನುಷ್ಯ ಕೇಳಿದ್ದು ಒಂದೇ ಮಾತು, ತಾನು ಕೊಟ್ಟದ್ದು ನೀರು. ಈಗಲಾದರೂ ಅವರು ಕೇಳಿದ್ದನ್ನು ಮಾಡಬೇಕು.

"ಇಲ್ಲ ಭಾವ. ನೀವೇ ಕರ್ಕೊಂಡು ಹೋಗಿ."

"ಅಂಗಿಗೆ ಕಾಲರ್ ಇಲ್ವಲ್ಲಮ್ಮ. ಕಾಜದಕ್ಕ ಹಚ್ತೀನಿ ಅಂತಿದಾಳೆ, ಹೊತ್ತಿಲ್ಲ."

"ಹಾಗೇ ಹಾಕಿ, ಇರಲಿ. ದಾರಿ ಆಸ್ಪತ್ರೆ ಮುಂದೇನೇ ಅಲ್ವಾ? ಒಂದು ನಿಮಿಷ ನಿಲ್ಲಿಸಿ. ನಾನು ಎರಡನೇ ಮಹಡಿ ಕಿಟಕೀಲಿ ಇರ್ತೀನಿ."

ನಾಡಿ ನೂರಾ ಅರವತ್ತರಲ್ಲೇ ಹತ್ತು ನಿಮಿಷ ನಿಂತಿತು. ಒಮ್ಮೆ ನೂರಾ ಅರವತ್ತೆಂಟಕ್ಕೆ ಏರಿ ಯಂತ್ರ ಕಿರುಚಿದಾಗ ನಾಲ್ಕು ಜನ ಓಡಿಬಂದು ತಾಯಿಯನ್ನು ಹೊರಗೆ ತಳ್ಳಿದರು. ಆ ಹೊತ್ತು ಆಕೆ ಗೋಡೆಗೆ ಒರಗಿ ನಿಂತು ಗಂಡನನ್ನು ಮನಸಾರೆ ಬೈದರು: ನನಗೆ ಹೇಳಿದ್ರೆ ಹೆದರ್ತೀನಿ ಅಂತ ಮುಚ್ಚಿಟ್ರಲ್ಲ, ಈಗ ಹೆದರಲಿಲ್ವಾ ನಾನು? ಆಮೇಲೆ ಯಂತ್ರ ಸುಮ್ಮನಾಯಿತು. ನೂರಾ ಐವತ್ತು. ನೂರಾ ನಲವತ್ತನಾಲ್ಕು.

ಹನ್ನೆರಡು ಐವತ್ಮೂರಕ್ಕೆ ಕೆಳಗೆ ರಸ್ತೆಯಲ್ಲಿ ವ್ಯಾನು ನಿಂತಿತು. ತಾಯಿ ಕಾರಿಡಾರಿನ ಕಿಟಕಿಗೆ ಓಡಿದರು. ಗಾಜು ತೆರೆಯುವಂಥದ್ದಲ್ಲ. ದೊಡ್ಡಪ್ಪ ಇಳಿದು ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಹಿಂದೆ ನಡೆದು ಬಂದಿದ್ದ ಪೋಸ್ಟ್‌ಮ್ಯಾನೂ ಬೀಗದಂಗಡಿಯವರೂ ಕತ್ತೆತ್ತಿದರು. ಒಂದೇ ಥರದ ಅರವತ್ತು ಕಿಟಕಿ. ತಾಯಿ ಅಂಗೈಯಿಂದ ಗಾಜು ಬಡಿದರು, ಕೆಳಗೆ ಕೇಳಿಸಲಿಲ್ಲ. ವ್ಯಾನಿನ ಪಕ್ಕದ ಗಾಜಿನೊಳಗೆ, ಹೂವಿನ ನಡುವೆ ಗಂಡನ ಹಣೆ ಒಂದಿಷ್ಟು ಕಂಡಿತು, ಅಷ್ಟೇ.

"ಅಮ್ಮಾ," ಹಿಂದಿನಿಂದ ನರ್ಸು ಕರೆದಳು. "ಗಂಟೆ ಆಗ್ತಾ ಬಂತು, ಹನಿ ಹಾಕ್ತೀವಿ. ನಿಮ್ಮ ಮಗಳು ಮಾತಾಡಿದ್ರು. ನೀವು ಯಾರು ಅಂತ ಕೇಳಿದ್ದಕ್ಕೆ, ಟೈಲರ್ ಮಾಸ್ಟರ್ ಮಗಳು ಅಂದ್ರು. ಕೈ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕು ಅಂತಿದಾರೆ. ಬರ್ತೀರಾ?"

ತಾಯಿ ಇನ್ನೊಮ್ಮೆ ಕೆಳಗೆ ನೋಡಿದರು. ಕಿಟಕಿ ಬಿಟ್ಟು ಒಳಗೆ ನಡೆದರು.

ಕೆಳಗೆ ದೊಡ್ಡಪ್ಪ ಒಂದೊಂದೇ ಕಿಟಕಿ ಹುಡುಕುತ್ತ ಹೋಗಿ, ಮೂರನೇ ಮಹಡಿಯ ಒಂದರಲ್ಲಿ ಯಾರದೋ ನೆರಳು ಕಂಡು, ತಮ್ಮನ ಹೆಂಡತಿಯೇ ಇರಬೇಕೆಂದು ಕೈ ಎತ್ತಿದರು. ಕಾಜದಕ್ಕ ಎತ್ತಿದಳು, ಡ್ರೈವರೂ ಎತ್ತಿದ. ಅಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ ರೋಗಿಯೊಬ್ಬ ಹೂವಿನ ಗಾಡಿಯನ್ನೂ ಬಿಸಿಲಲ್ಲಿ ಕೈ ಎತ್ತಿ ನಿಂತ ಜನರನ್ನೂ ನೋಡಿದ, ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿದ, ಯಾರೂ ಇರಲಿಲ್ಲ. ತಾನೇ ಕೈ ಎತ್ತಿದ, ವ್ಯಾನು ತಿರುವು ದಾಟುವವರೆಗೂ ಇಳಿಸಲಿಲ್ಲ.